ಸಂಬಳ ಬಂದ ಕೂಡಲೇ ನಾವು ಸಾಹುಕಾರರಾ?



ಕೆಲಸದಲ್ಲಿರುವ ದಲಿತ ಇಂಜಿನಿಯರ್‌ಗೆ ಎಂಬಿಎ ಓದಲಿಕ್ಕೆ ಸ್ಕಾಲರ್‌ಶಿಪ್ ಸಿಗ್ತದಾ? ಈ ತಿಂಗಳು ನಮ್ಮ ಕುಲಶೇಖರದಲ್ಲೇ ಮೂರು ಮಂದಿ ಕೇಳಿದರು. ಒಬ್ಬೊಬ್ಬರಿಗೆ ಫೋನಲ್ಲಿ ಹೇಳಿ ಸಾಕಾಯ್ತು, ಇಲ್ಲೇ ಬರೀತೇನೆ. ನೇರ ಉತ್ತರ: ಅವಕಾಶ ಉಂಟು, ಆದ್ರೆ ಬಹಳ ಕಡಿಮೆ. ಕಡಿಮೆಯಾಗಿರುವುದು ನಿಮ್ಮ ಅಂಕದಿಂದ ಅಲ್ಲ, ನೀವು ದುಡಿದದ್ದರಿಂದ.

ಲೆಕ್ಕ ನೋಡಿ. ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕೆ ಎಸ್‌ಸಿ ಕುಟುಂಬದ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ತಿಂಗಳಿಗೆ 21 ಸಾವಿರ ಬಂದರೆ ಮುಗೀತು. ಇನ್ನೊಂದು ಕಡೆ, 2019ರಲ್ಲಿ 103ನೇ ತಿದ್ದುಪಡಿ ತಂದು ಮೇಲ್ಜಾತಿಯ ಬಡವರಿಗೆ ಮೀಸಲಾತಿ ಕೊಟ್ಟಾಗ ಗೆರೆ ಎಳೆದದ್ದು ಎಲ್ಲಿ? 8 ಲಕ್ಷಕ್ಕೆ. ಅವರು 8 ಲಕ್ಷದ ತನಕ ಬಡವರು, ನಾವು 2.5 ಲಕ್ಷ ದಾಟಿದ್ರೆ ಅನುಕೂಲಸ್ಥರು. ಇದನ್ನು ಎಷ್ಟು ಸಲ ಹೇಳಿದ್ರೂ ಸಾಲದು.

ಐಐಎಂಗಳಿಗೆ ಅನ್ವಯಿಸುವ ಟಾಪ್ ಕ್ಲಾಸ್ ಯೋಜನೆ ಉಂಟಲ್ಲ ಅಂತೀರಿ. ಉಂಟು, ಒಳ್ಳೆಯ ಯೋಜನೆಯೇ. ಸರ್ಕಾರಿ ಸಂಸ್ಥೆಯಾದ್ರೆ ಪೂರ್ತಿ ಬೋಧನಾ ಶುಲ್ಕ ಕೊಡ್ತದೆ, ಖಾಸಗಿಯಾದ್ರೆ ವರ್ಷಕ್ಕೆ 2 ಲಕ್ಷದವರೆಗೆ. ಒಂದೊಂದು ಸಂಸ್ಥೆಗೆ ಇಂತಿಷ್ಟೇ ಅಂತ ಮಿತಿ, ಸೇರಿದ ಮೊದಲ ವರ್ಷವೇ ಅರ್ಜಿ ಹಾಕಬೇಕು. ಕುಟುಂಬದ ಆದಾಯ 8 ಲಕ್ಷದೊಳಗೆ ಇರಬೇಕು. ಈಗ ಒಂದು ಮನೆ ಊಹಿಸಿ: ಅಮ್ಮ ಪಾಲಿಕೆಯ ಕಾಯಂ ನೌಕರಳು, 35 ಸಾವಿರ. ಮಗ ಇಂಜಿನಿಯರ್, ಅವನಿಗೂ 35 ಸಾವಿರ. ವರ್ಷಕ್ಕೆ 8.4 ಲಕ್ಷ. ನಲವತ್ತು ಸಾವಿರ ಹೆಚ್ಚಾಯ್ತು ಅಂತ 20 ಲಕ್ಷ ದಾಟುವ ಫೀಸು ಅವನೇ ಕಟ್ಟಬೇಕು! ತಮಾಷೆ ಏನಂದ್ರೆ, ಕ್ಲಾಸು ಶುರುವಾಗುವ ದಿನ ಅವನ ಸಂಬಳ ಸೊನ್ನೆ. ಎರಡು ವರ್ಷದ ಫುಲ್‌ಟೈಮ್ ಕೋರ್ಸಿಗೆ ಕೆಲಸ ಬಿಡಲೇಬೇಕು. ಆದ್ರೆ ನೋಡುವುದು ಹೋದ ವರ್ಷದ ಆದಾಯ. ಬಿಟ್ಟು ಬಂದ ಸಂಬಳವನ್ನು ಇವನ ಆಸ್ತಿ ಅಂತ ಹಿಡೀತಾರೆ.

ನಮ್ಮ ಸಂಬಳ ಫಾರ್ಮ್ 16ರಲ್ಲಿ ಪೈಸೆ ಪೈಸೆ ಕಾಣ್ತದೆ. ಅಡಿಕೆ ತೋಟದ ಆದಾಯ ಹಾಗೆ ಕಾಣುವುದಿಲ್ಲ ಮಾರ್ರೆ. ನಾನು ಕಂಡ ಒಂದು ಅರ್ಜಿಯಲ್ಲಿ ಕಚೇರಿಯವರು ಮಗನ ಸ್ಯಾಲರಿ ಸ್ಲಿಪ್ ಕೇಳಿ ಪಡೆದು ಆದಾಯಕ್ಕೆ ಸೇರಿಸಿದ್ರು. ಅಪ್ಪನ ಆಸ್ಪತ್ರೆ ಸಾಲ, ತಂಗಿಯ ಕಾಲೇಜು ಫೀಸು, ಎರಡು ಕೋಣೆಯ ಮನೆಗೆ ಕಟ್ಟುವ ಕಂತು ಕೇಳಲೇ ಇಲ್ಲ. ಮನೆಯಲ್ಲಿ ಮೊದಲ ಸಂಬಳ ತಂದವನ ದುಡ್ಡು ಅವನದ್ದಾಗಿರುವುದಿಲ್ಲ, ಅದು ನಿಮಗೂ ಗೊತ್ತು.

ಸಾಲ ತೆಗೆಯಲಿ ಅಂತಾರೆ. ದೊಡ್ಡ ಐಐಎಂ ಆದ್ರೆ ಬ್ಯಾಂಕಿನವರು ಅಡಮಾನ ಇಲ್ಲದೆ ಕೊಟ್ಟಾರು. ಸಾಧಾರಣ ಕಾಲೇಜಾದ್ರೆ 7.5 ಲಕ್ಷದ ಮೇಲೆ ಆಸ್ತಿ ಅಡ ಇಡಿ ಅಂತ ಕೇಳುವ ಕ್ರಮ. ಎಲ್ಲಿಂದ ತರುವುದು? ಅದೇ ಹುಡುಗ ಗೇಟ್ ಬರೆದು ಎಂ.ಟೆಕ್‌ಗೆ ಹೋದರೆ ಎಐಸಿಟಿಇ ತಿಂಗಳಿಗೆ 12,400 ಕೊಡ್ತದೆ, ಮ್ಯಾನೇಜ್‌ಮೆಂಟ್ ಓದಿದ್ರೆ ಅದಿಲ್ಲ. ಹೈದರಾಬಾದಿನ ಐಎಸ್‌ಬಿಯಂಥ ಕಡೆ ಮೀಸಲಾತಿಯೇ ಇಲ್ಲ. ವಿದೇಶಕ್ಕೆ ಹೋಗುವ ಅಂದ್ರೆ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. 2025ರಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲು ಪತ್ರ ಕೊಟ್ಟದ್ದು 40 ಜನಕ್ಕೆ. ಉಳಿದವರಿಗೆ ಹಣ ಇದ್ದರೆ ನೋಡುವ ಅಂದ್ರು.

ನನಗೆ ಹೆಚ್ಚು ನೋವಾಗುವುದು ನಮ್ಮವರದ್ದೇ ಮಾತು ಕೇಳಿ. "ಹತ್ತನೇ ಕ್ಲಾಸಿಗೆ ಶಾಲೆ ಬಿಡುವ ಮಕ್ಕಳಿದ್ದಾರೆ, ಇವನಿಗೆ ಎಂಬಿಎ ಬೇಕಾ? ಕೆಲಸ ಸಿಕ್ಕಿತಲ್ಲ!" ಸ್ವಾಮಿ, ಆ ಮಕ್ಕಳ ಹಣ ಕಿತ್ತು ಇವನಿಗೆ ಕೊಡಿ ಅಂತ ಯಾರೂ ಹೇಳಿಲ್ಲ. ಯಾರನ್ನು ಕೆಲಸಕ್ಕೆ ತೆಗೋಬೇಕು, ಯಾರಿಗೆ ಟೆಂಡರ್, ಯಾರಿಗೆ ಪ್ರಮೋಷನ್ ಅಂತ ತೀರ್ಮಾನ ಆಗುವ ಕೋಣೆಗೆ ಇಂಜಿನಿಯರ್ ಚಹಾ ಕುಡೀಲಿಕ್ಕೂ ಹೋಗುವುದಿಲ್ಲ. ಆ ಕೋಣೆಯ ಬಾಗಿಲು ಬಿಸಿನೆಸ್ ಸ್ಕೂಲು. ನಾವು ಸೈಟಿನಲ್ಲಿ, ಕೋಡಿನಲ್ಲಿ ಬೆವರು ಸುರಿಸಿದ್ರೆ ಸಾಕು ಅನ್ನುವುದು ಹಳೇ ಜಾತಿ ಲೆಕ್ಕವೇ ಅಲ್ವಾ?

ಬಾಬಾಸಾಹೇಬರ ಕತೆಯಲ್ಲಿ ಬರೋಡಾದ ಮಹಾರಾಜರ ನೆರವು ಎಲ್ಲರೂ ಹೇಳ್ತಾರೆ. ಆಮೇಲಿನದ್ದು ಹೇಳುವುದಿಲ್ಲ. 1918ರಲ್ಲಿ ಅವರು ಮುಂಬೈಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಪ್ರೊಫೆಸರ್, ಸಂಬಳ 450 ರೂಪಾಯಿ. ಆ ಕಾಲಕ್ಕೆ ದೊಡ್ಡ ಮೊತ್ತ. ಪರೇಲಿನ ಚಾಳಿನಲ್ಲಿದ್ದು ಉಳಿಸಿದ್ರು, ಗೆಳೆಯ ನವಲ್ ಭಥೇನಾರಿಂದ ಸಾಲ ಪಡೆದ್ರು, ಕೊಲ್ಹಾಪುರದ ಶಾಹು ಮಹಾರಾಜರು ನೆರವಾದ್ರು. 1920ರಲ್ಲಿ ಕೆಲಸ ಬಿಟ್ಟು ಲಂಡನ್ನಿಗೆ ಮತ್ತೆ ಓದಲಿಕ್ಕೆ ಹೋದ್ರು. ನಿನಗೆ 450 ಬರ್ತದಲ್ಲ, ನೀನು ಅರ್ಹನಲ್ಲ ಅಂತ ಶಾಹು ಮಹಾರಾಜರು ಹೇಳಲಿಲ್ಲ.

ಹಾಗಾಗಿ ಕೇಳಬೇಕಾದ್ದು ಇಷ್ಟು. ಓದಲಿಕ್ಕೆ ರಾಜೀನಾಮೆ ಕೊಟ್ಟವನ ಹಳೆ ಸಂಬಳ ಆದಾಯಕ್ಕೆ ಸೇರಿಸಬಾರದು. ಗೆರೆ ದಾಟಿದ ಕೂಡಲೇ ಸೊನ್ನೆ ಅಂತ ಮಾಡದೆ ಹಂತ ಹಂತವಾಗಿ ಕೊಡಲಿ. ವಿದೇಶಕ್ಕೆ ಹೋಗುವವರಿಗೆ ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಹಾಗೆ ಮಾಡಿದೆಯಲ್ಲ, ಇಲ್ಲೇ ಓದುವವರು ಮಾಡಿದ ತಪ್ಪೇನು? 2.5 ಲಕ್ಷದ ಮಿತಿ 8 ಲಕ್ಷ ಆಗಲಿ.

ಆದಾಯದ ಕಾರಣಕ್ಕೆ ಅರ್ಜಿ ತಿರಸ್ಕೃತವಾದವರು ಹಿಂಬರಹದ ಫೋಟೋ ಇನ್‌ಬಾಕ್ಸಿಗೆ ಹಾಕಿ. ಹೆಸರು, ಆರ್‌ಡಿ ನಂಬರ್ ಮುಚ್ಚಿ. ಹತ್ತು ಸೇರಿದ ದಿನ ಪಡೀಲಿನ ಡಿಸಿ ಕಚೇರಿಗೆ ಒಟ್ಟಿಗೇ ಹೋಗುವ. ಈ ವರ್ಷ ಕ್ಯಾಟ್ ಬರೆಯುವವರು ಇದನ್ನೆಲ್ಲ ಓದಿ ಫಾರಂ ತುಂಬದೆ ಕೂರಬೇಡಿ. ಎಸ್‌ಸಿ-ಎಸ್‌ಟಿಗೆ ಶುಲ್ಕ ಅರ್ಧ ಉಂಟು, ತುಂಬಿ.