ಸೂರು ಕೊಡಿ, ಊರಾಚೆ ದೂಡಬೇಡಿ

ಗುಜರಾತಿನ ವಡೋದರದ ಹರಣಿ ಪ್ರದೇಶದಲ್ಲಿ ನಗರಪಾಲಿಕೆಯ 462 ಮನೆಗಳ ಸಮುಚ್ಚಯವೊಂದಿದೆ. ಮುಖ್ಯಮಂತ್ರಿ ಆವಾಸ್ ಯೋಜನೆಯಡಿ 2017ರಲ್ಲಿ ಓರ್ವ ಮುಸ್ಲಿಮ್ ಮಹಿಳೆಗೆ ಅಲ್ಲಿ ಮನೆ ಮಂಜೂರಾಯಿತು. ಆ ಮಂಜೂರಾತಿಯನ್ನು ರದ್ದುಪಡಿಸಬೇಕೆಂದು ಕೆಲವು ನಿವಾಸಿಗಳು ಅಧಿಕಾರಿಗಳಿಗೆ ಮನವಿ ಸಲ್ಲಿಸಿದರು. 2024ರ ಜೂನ್‌ನಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಆಕೆಯ ಅರ್ಹತೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದುದು ಆಕೆಯ ಧರ್ಮದ ಬಗ್ಗೆ ಮಾತ್ರ. ಧರ್ಮದ ಆಧಾರದಲ್ಲಿ ಪ್ರಭುತ್ವವು ತಾರತಮ್ಯ ಮಾಡಕೂಡದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಆದರೆ ನೆರೆಹೊರೆಯವರ ಹೃದಯದಲ್ಲಿ ಅದನ್ನು ಬರೆಯುವವರು ಯಾರು?

ಇದು ಗುಜರಾತಿನ ಕಥೆಯೆಂದು ನಾವು ನಿಟ್ಟುಸಿರುಬಿಟ್ಟು ಸುಮ್ಮನಾಗುವಂತಿಲ್ಲ. ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ 15ಕ್ಕೆ ಏರಿಸಲು ಕರ್ನಾಟಕದ ಸಚಿವ ಸಂಪುಟವು 2025ರ ಜೂನ್‌ನಲ್ಲಿ ತೀರ್ಮಾನಿಸಿದಾಗ, ಬಿಜೆಪಿಯು ಅದನ್ನು ಓಲೈಕೆಯೆಂದು ಜರೆಯಿತು. ಅಲ್ಪಸಂಖ್ಯಾತರೆಂದರೆ ಮುಸ್ಲಿಮರು ಮಾತ್ರವಲ್ಲ. ಕ್ರೈಸ್ತರು, ಜೈನರು, ಬೌದ್ಧರು, ಸಿಕ್ಖರು, ಪಾರ್ಸಿಗಳೂ ಹೌದು. ಸರಕಾರಿ ಯೋಜನೆಗಳಲ್ಲಿ ಸಾಧ್ಯವಿರುವಲ್ಲೆಲ್ಲ ಶೇ. 15ರಷ್ಟನ್ನು ಅಲ್ಪಸಂಖ್ಯಾತರಿಗೆ ಮೀಸಲಿಡಬೇಕೆಂದು ಪ್ರಧಾನಮಂತ್ರಿಯವರ 15 ಅಂಶಗಳ ಹೊಸ ಕಾರ್ಯಕ್ರಮವು 2006ರಲ್ಲೇ ಹೇಳಿತ್ತು. ಹಾಗಿರುವಾಗ ಹಕ್ಕು ಓಲೈಕೆಯಾಗುವುದು ಹೇಗೆ?

ಆದರೆ ಶೇಕಡಾವಾರು ಲೆಕ್ಕದಲ್ಲೇ ನಮ್ಮ ಬೇಡಿಕೆ ಮುಗಿಯಕೂಡದು. ಮನೆ ಎಷ್ಟು ಎಂಬಷ್ಟೇ ಮುಖ್ಯವಾದ ಪ್ರಶ್ನೆ, ಮನೆ ಎಲ್ಲಿ ಎಂಬುದು. ಬಡವರ ಮನೆಗಳನ್ನೆಲ್ಲ ಊರಿನ ಒಂದೇ ಅಂಚಿಗೆ, ಕಸದ ರಾಶಿಯ ಪಕ್ಕಕ್ಕೆ ಒತ್ತಿದರೆ ಏನಾಗುತ್ತದೆ? ಬಸ್ಸಿಲ್ಲದೆ ಹೆಣ್ಣುಮಗಳ ಓದು ಏಳನೇ ತರಗತಿಗೇ ನಿಲ್ಲುತ್ತದೆ. ದಿನಗೂಲಿಯ ಒಂದು ಭಾಗ ಪ್ರಯಾಣಕ್ಕೆ ಸೋರಿಹೋಗುತ್ತದೆ. ಕೊನೆಗೆ ಅದೇ ಬಡಾವಣೆಗೆ ಅಪರಾಧದ ಹಣೆಪಟ್ಟಿ ಅಂಟುತ್ತದೆ. ಮೊದಲು ಒಂದೆಡೆ ಗುಡ್ಡೆಹಾಕುವುದು, ಆಮೇಲೆ ಇವರು ಬೆರೆಯುವುದಿಲ್ಲವೆಂದು ದೂರುವುದು: ಇದೆಂಥ ನ್ಯಾಯ?

ಫ್ರಾನ್ಸ್ 2000ದಲ್ಲಿ ಒಂದು ಕಾನೂನು ತಂದಿತು. ಅದರಂತೆ, ದೊಡ್ಡ ನಗರ ವಲಯಗಳೊಳಗಿನ ಪಟ್ಟಣಗಳಲ್ಲಿ ಶೇ. 20ರಷ್ಟು ಮನೆಗಳು ಕಡಿಮೆ ಬಾಡಿಗೆಯ ಸಾಮಾಜಿಕ ವಸತಿಗಳಾಗಿರಬೇಕು, ತಪ್ಪಿದರೆ ದಂಡ. 2013ರಲ್ಲಿ ಬಹುತೇಕ ಕಡೆ ಅದನ್ನು ಶೇ. 25ಕ್ಕೆ ಏರಿಸಲಾಯಿತು. ದಂಡ ತೆತ್ತಾದರೂ ಬಡವರನ್ನು ದೂರವಿಡುವ ಶ್ರೀಮಂತ ಪಟ್ಟಣಗಳು ಅಲ್ಲಿಯೂ ಇವೆ. ಆದರೆ ಬಡವರ ಹೊಣೆ ಇಡೀ ಪ್ರದೇಶದ್ದು, ಒಂದು ಮೂಲೆಯದ್ದಲ್ಲ ಎಂಬ ತತ್ವವಾದರೂ ಅಲ್ಲಿ ಕಾನೂನಾಗಿದೆ. ನಮ್ಮಲ್ಲೂ ಪ್ರತಿ ತಾಲೂಕು, ಪ್ರತಿ ವಾರ್ಡ್ ತನ್ನ ಪಾಲನ್ನು ಹೊರಬೇಕೆಂದು ಕೇಳುವುದರಲ್ಲಿ ತಪ್ಪೇನಿದೆ?

ಕೇಳುವ ಮೊದಲು ನಾವು ಕನ್ನಡಿ ನೋಡಿಕೊಳ್ಳಬೇಕು. ನಮ್ಮ ಜಮಾಅತ್‌ಗಳಲ್ಲಿ ವಂತಿಗೆ ಬಾಕಿಯಿರುವವರ ಪಟ್ಟಿಯಿದೆ, ಬಾಡಿಗೆ ಬಾಕಿಯಿರುವವರ ಪಟ್ಟಿಯಿಲ್ಲ. ಮಿನಾರದ ಎತ್ತರಕ್ಕೆ ಸ್ಪರ್ಧೆಯಿದೆ. ವಿಧವೆಯೊಬ್ಬಳ ವಸತಿ ಅರ್ಜಿ ತುಂಬಿಕೊಡಲು ಜನವಿಲ್ಲ. ನಗರಗಳಲ್ಲಿ ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ಹಳ್ಳಿಗಳಲ್ಲಿ ಗ್ರಾಮಸಭೆ. ಗ್ರಾಮಸಭೆಯ ದಿನ ನಾವೆಲ್ಲಿರುತ್ತೇವೆ? ಇನ್ನೂ ಕಹಿಯಾದ ಮಾತೊಂದಿದೆ. ತನ್ನ ಬಾಡಿಗೆ ಮನೆಯನ್ನು ದಲಿತ ಕುಟುಂಬಕ್ಕೆ ಕೊಡಲು ಹಿಂಜರಿಯುವ ಮುಸ್ಲಿಮ್ ಮಾಲಿಕನಿಗೆ ವಡೋದರದ ಪ್ರತಿಭಟನಾಕಾರರನ್ನು ಖಂಡಿಸುವ ನೈತಿಕ ಹಕ್ಕಿದೆಯೇ?

ಮಕ್ಕಾ ತೊರೆದು ಬರಿಗೈಯಲ್ಲಿ ಬಂದ ಮುಹಾಜಿರ್‌ಗಳಿಗೆ ಮದೀನಾದ ಹೊರವಲಯದಲ್ಲಿ ಶಿಬಿರ ಹಾಕಿ ಪ್ರವಾದಿ(ಸ) ಕೈತೊಳೆದುಕೊಳ್ಳಲಿಲ್ಲ. ಒಬ್ಬೊಬ್ಬರನ್ನು ಒಬ್ಬೊಬ್ಬ ಅನ್ಸಾರಿಯ ಸಹೋದರನನ್ನಾಗಿಸಿದರು. ಸಅದ್ ಬಿನ್ ರಬೀಅ್(ರ) ತಮ್ಮ ಸೊತ್ತಿನ ಅರ್ಧವನ್ನೇ ನೀಡಲು ಮುಂದಾದರು. ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅದನ್ನು ವಿನಯದಿಂದ ನಿರಾಕರಿಸಿ ಮಾರುಕಟ್ಟೆಯ ದಾರಿ ಕೇಳಿದರು. ಕೊಡುವವನ ಔದಾರ್ಯ, ಪಡೆಯುವವನ ಸ್ವಾಭಿಮಾನ ಎರಡೂ ಅಲ್ಲಿದ್ದವು. ಇಂದಿನ ವಸತಿ ನೀತಿಯಲ್ಲಿ ಇವೆರಡೂ ಇಲ್ಲ.

ಆದ್ದರಿಂದ ನಮ್ಮ ಹೋರಾಟ ಮುಸ್ಲಿಮರ ಮನೆಗಾಗಿ ಮಾತ್ರ ಆಗದಿರಲಿ. ಪೌರಕಾರ್ಮಿಕರು, ಬೀಡಿ ಕಟ್ಟುವವರು, ಆಟೋ ಚಾಲಕರು, ಮನೆಗೆಲಸದ ಮಹಿಳೆಯರು, ಹೀಗೆ ಸೂರಿಲ್ಲದ ಎಲ್ಲರ ಹೆಸರೂ ಒಂದೇ ಮನವಿಯಲ್ಲಿರಲಿ. ಜುಮಾ ಖುತ್ಬಾದಲ್ಲಿ ಈ ವಿಷಯ ಬರಲಿ. ನೆರೆಯ ದೇವಸ್ಥಾನ, ಚರ್ಚ್‌ಗಳ ಹಿರಿಯರ ಬಳಿಗೂ ನಮ್ಮ ಯುವಕರು ಹೋಗಲಿ. ಜನಾಭಿಪ್ರಾಯವು ಶಾಸಕರ ಕಚೇರಿಯಲ್ಲಿ ಹುಟ್ಟುವುದಿಲ್ಲ. ಅದು ಬೀದಿಯ ಮಾತುಕತೆಯಲ್ಲಿ ಹುಟ್ಟಿ ಶಾಸಕರ ಕಚೇರಿಯನ್ನು ತಲುಪುತ್ತದೆ. ಆ ಮಾತುಕತೆಯನ್ನು ನಾವಲ್ಲದೆ ಇನ್ನಾರು ಆರಂಭಿಸಬೇಕು?