ಜಿಲ್ಲೆಗೆ ಬೆಂಗಳೂರಿನ ಹೆಸರು ಬಂತು, ಫುಟ್‌ಬಾಲ್ ಬರುವುದೆಂದು?

ರಾಮನಗರ: ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳನ್ನು ಒಳಗೊಂಡು 2007ರಲ್ಲಿ ರಚನೆಯಾದ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿಗೆ ನೀಡಿತು. ಆದರೆ ರಾಜಧಾನಿಯ ಫುಟ್‌ಬಾಲ್ ಪರಂಪರೆಯಲ್ಲಿ ಈ ತಾಲ್ಲೂಕುಗಳ ಪಾಲು ಅತ್ಯಲ್ಪ. ಸಣ್ಣ ಕ್ಲಬ್ ಮೇಲೇರಲು ಬೇಕಾದ ಮೆಟ್ಟಿಲುಗಳೇ ಇಲ್ಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ದಂಡು ಪ್ರದೇಶದ ಕೊಡುಗೆ

ಬೆಂಗಳೂರಿಗೆ ಈ ಆಟವನ್ನು ತಂದವರು ಬ್ರಿಟಿಷ್ ಸೈನಿಕರು. ಶಿವಾಜಿನಗರ, ಆಸ್ಟಿನ್ ಟೌನ್, ಗೌತಮಪುರದ ಶ್ರಮಿಕ ಕುಟುಂಬಗಳು ಅದನ್ನು ತಮ್ಮದಾಗಿಸಿಕೊಂಡವು. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರ ರೋವರ್ಸ್ ಕಪ್ ಫೈನಲ್‌ನಲ್ಲಿ ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಮಣಿಸಿತು. 1891ರಲ್ಲಿ ಮುಂಬೈಯಲ್ಲಿ ಆರಂಭವಾದ ಆ ಟೂರ್ನಿಯನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡವದು. ಮರುವರ್ಷವೂ ಕಪ್ ಅದರದೇ ಆಯಿತು.

ಸ್ವಾತಂತ್ರ್ಯಾನಂತರ ಎಚ್‌ಎಎಲ್, ಐಟಿಐನಂತಹ ಕಾರ್ಖಾನೆಗಳು ಆಟಗಾರರಿಗೆ ಉದ್ಯೋಗದ ಆಸರೆ ನೀಡಿದವು. ಮೈಸೂರು ರಾಜ್ಯ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಜಯಿಸಿತು. 1968-69ರ ಗೆಲುವಿನ ನಂತರ ಮುಂದಿನ ಪ್ರಶಸ್ತಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿತು. ಈ ನಡುವೆ ಕಾರ್ಖಾನೆ ತಂಡಗಳ ಪ್ರಾಬಲ್ಯ ಕುಗ್ಗಿ, 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹದ ಬೆಂಗಳೂರು ಎಫ್‌ಸಿ ಹುಟ್ಟಿತು. ಬಂಡವಾಳ ಬಂತು, ಆಟ ಮಾತ್ರ ನಗರದ ಎಲ್ಲೆ ದಾಟಲಿಲ್ಲ.

ಬ್ರೆಜಿಲ್‌ನ ಪಾಠ

ಬ್ರೆಜಿಲ್‌ನ ಸಾಂಟಾ ಕ್ಯಾಟರಿನಾ ರಾಜ್ಯದ ಒಳನಾಡಿನ ಚಾಪೆಕೊ ಪಟ್ಟಣದಲ್ಲಿ 1973ರಲ್ಲಿ ಸ್ಥಾಪನೆಯಾದ ಚಾಪೆಕೊಯೆನ್ಸ್ ಕ್ಲಬ್ 2009ರಲ್ಲಿ ರಾಷ್ಟ್ರೀಯ ಲೀಗ್‌ನ ನಾಲ್ಕನೇ ದರ್ಜೆಯಲ್ಲಿತ್ತು. 2014ರ ವೇಳೆಗೆ ಅದು ಮೊದಲ ದರ್ಜೆಯಲ್ಲಿ ಆಡಿತು. 2016ರ ನವೆಂಬರ್‌ನಲ್ಲಿ ಕೊಲಂಬಿಯಾದಲ್ಲಿ ಸಂಭವಿಸಿದ ವಿಮಾನ ದುರಂತದಲ್ಲಿ ತಂಡದ ಬಹುತೇಕ ಆಟಗಾರರು ಅಸುನೀಗಿದರೂ ಕ್ಲಬ್ ಉಳಿಯಿತು. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಚಾಂಪಿಯನ್‌ಷಿಪ್ ಇದ್ದು, ಅದರ ಫಲಿತಾಂಶವೇ ನಾಲ್ಕನೇ ದರ್ಜೆಗೆ ಬಾಗಿಲು ತೆರೆಯುತ್ತದೆ.

ಕರ್ನಾಟಕದಲ್ಲಿ ಪ್ರತಿಷ್ಠಿತವೆನಿಸಿದ ಸೂಪರ್ ಡಿವಿಷನ್ ಲೀಗ್ ಹೆಸರಿನಲ್ಲೂ ಮೈದಾನದಲ್ಲೂ ಬೆಂಗಳೂರಿನದೇ. ಅಲ್ಲಿಂದ ಸುಮಾರು 50 ಕಿ.ಮೀ. ದೂರದ ರಾಮನಗರದ ಹುಡುಗ ಮುಂದೆ ಬರಬೇಕಾದರೆ ನಗರದ ಕ್ಲಬ್‌ವೊಂದನ್ನು ಸೇರಬೇಕು. ಹಾಗೆ ಹೋದವನಿಂದ ಊರಿನ ತಂಡಕ್ಕೆ ದಕ್ಕುವುದೇನೂ ಇಲ್ಲ.

ಜಿಲ್ಲೆಯ ತಾಲ್ಲೂಕುಗಳ ನಡುವೆ ವರ್ಷವೂ ತಪ್ಪದೆ ಲೀಗ್ ನಡೆದು, ಗೆದ್ದ ತಂಡಕ್ಕೆ ರಾಜ್ಯದ ಕೆಳ ದರ್ಜೆಯಲ್ಲಿ ಸ್ಥಾನ ಖಚಿತವಾಗಬೇಕು. ಇದಕ್ಕೆ ಭಾರಿ ಕ್ರೀಡಾಂಗಣ ಬೇಕಿಲ್ಲ. ಸಮತಟ್ಟಾದ ಮೈದಾನ ಹಾಗೂ ಬದಲಾಗದ ವೇಳಾಪಟ್ಟಿ ಸಾಕು. ಹೆಸರು ಬದಲಿಸಿದ ಸರ್ಕಾರ ಹಾಗೂ ರಾಜ್ಯ ಫುಟ್‌ಬಾಲ್ ಸಂಸ್ಥೆ ಮನಸ್ಸು ಮಾಡಿದರೆ ಅದು ಅಸಾಧ್ಯವೇನಲ್ಲ.