ಆ ನೂರು ಹೆಸರು ಬರೆದುಕೊಡಬೇಡಿ



ಚೈನ್ ಬಿಸಿನೆಸ್‌ಗೆ ಸೇರಿದವರ ಕೈಗೆ ಶುರುವಿನಲ್ಲೇ ಒಂದು ಹಾಳೆ ಬರುತ್ತದೆ. ಗೊತ್ತಿರುವ ನೂರು ಜನರ ಹೆಸರು ಬರೆಯಿರಿ ಅನ್ನುತ್ತಾರೆ. ಸೋದರಮಾವ, ಪಕ್ಕದ ಮನೆಯವರು, ಕಾಲೇಜಿನ ಗೆಳೆಯರು, ಸಂಘದ ಅಕ್ಕಂದಿರು. ಸೋಪು, ಪ್ರೋಟೀನ್ ಪುಡಿ, ಆನ್‌ಲೈನ್ ಕೋರ್ಸು, ಮಾರುವ ಸರಕು ಏನೇ ಇರಲಿ, ಈ ವ್ಯಾಪಾರದ ಬಂಡವಾಳ ಆ ಹಾಳೆಯೇ. ಅದನ್ನು ಬರೆದುಕೊಡಬೇಡಿ ಎಂದು ಕೇಳಿಕೊಳ್ಳಲು ಇಷ್ಟು ಬರೆಯುತ್ತಿದ್ದೇನೆ.

ಈಗ ಹುಡುಗರ ನಡುವೆ ಈ ವ್ಯಾಪಾರಕ್ಕೆ ‘ಅಫಿಲಿಯೇಟ್ ಮಾರ್ಕೆಟಿಂಗ್’ ಎಂಬ ಹೊಸ ಅಂಗಿ. ಅಸಲಿ ಅಫಿಲಿಯೇಟ್ ಕೆಲಸ ಸರಳ: ನೀವು ಕಳಿಸಿದ ಲಿಂಕ್‌ನಿಂದ ಯಾರೋ ಮಿಕ್ಸಿ ಕೊಂಡರೆ ನಿಮಗಿಷ್ಟು ಕಮಿಷನ್. ಕೊಂಡವರು ಇನ್ನೊಬ್ಬರನ್ನು ಕರೆತರಬೇಕಿಲ್ಲ. ಇಲ್ಲಿ ಮಾತ್ರ ಮೊದಲು ನೀವೇ ಪ್ಯಾಕೇಜ್ ಕೊಂಡು ಐಡಿ ಮಾಡಿಸಬೇಕು, ಆಮೇಲೆ ಅದೇ ಪ್ಯಾಕೇಜನ್ನು ಬೇರೆಯವರಿಗೆ ಕೊಡಿಸಬೇಕು.

ಹಲವು ಪ್ಲಾನ್‌ಗಳಲ್ಲಿ ನಿಮ್ಮ ಕೆಳಗೆ ಎರಡು ಕವಲು, ಲೆಫ್ಟ್ ಮತ್ತು ರೈಟ್. ‘ಒಂದು ಕಡೆ ನಾನೇ ಜನ ಹಾಕಿಕೊಡ್ತೀನಿ, ಇನ್ನೊಂದು ಕಡೆ ನೀವು ನೋಡ್ಕೊಳ್ಳಿ ಸಾಕು’ ಎಂದು ಅಪ್‌ಲೈನ್‌ನವರು, ಅಂದರೆ ನಿಮ್ಮನ್ನು ಸೇರಿಸಿದವರು, ಧಾರಾಳ ತೋರಿಸುತ್ತಾರೆ. ಕಮಿಷನ್ ಸಿಗುವುದು ಎರಡೂ ಕಡೆ ಜೋಡಿಯಾದಷ್ಟಕ್ಕೆ. ಲೆಫ್ಟಿನಲ್ಲಿ ನಲವತ್ತು, ರೈಟಿನಲ್ಲಿ ಮೂವರಿದ್ದರೆ ಲೆಕ್ಕಕ್ಕೆ ಬರುವುದು ಮೂರೇ ಜೋಡಿ. ಉಳಿದ ಮೂವತ್ತೇಳು ಮೊಬೈಲಿನಲ್ಲಿ ಕಾಣುತ್ತಲೇ ಇರುತ್ತದೆ. ಅದನ್ನು ಬಿಟ್ಟುಹೋಗಲು ಮನಸ್ಸಾಗದೆ, ಐಡಿ ‘ಆಕ್ಟಿವ್’ ಆಗಿರಲೆಂದು ಜನ ತಿಂಗಳು ತಿಂಗಳೂ ತಾವೇ ಸಾಮಾನು ಕೊಳ್ಳುತ್ತಾರೆ. ಬಹಳ ಲೆಕ್ಕಾಚಾರದ ಧಾರಾಳ ಅದು.

ಇನ್ನು ಆರಾರು ಜನರ ಪ್ಲಾನು. ನೀವು ಆರು ಜನರನ್ನು ಸೇರಿಸಿ, ಅವರಲ್ಲಿ ಒಬ್ಬೊಬ್ಬರೂ ಆರು ಜನರನ್ನು ಸೇರಿಸುತ್ತ ಹೋದರೆ ಹತ್ತನೇ ಸಾಲಿಗೆ 6,04,66,176 ಜನ ಬೇಕು. 2011ರ ಜನಗಣತಿಯಂತೆ, ತೊಟ್ಟಿಲ ಕೂಸೂ ಸೇರಿ, ಕರ್ನಾಟಕದಲ್ಲಿದ್ದವರು 6.11 ಕೋಟಿ. ಮೇಲಿನ ಸಾಲುಗಳನ್ನೂ ಕೂಡಿದರೆ 7.25 ಕೋಟಿ ದಾಟುತ್ತದೆ, ಇಡೀ ರಾಜ್ಯವೇ ಸಾಲದು. ಅಂಥ ಸರಪಳಿ ಎಲ್ಲಿ ನಿಂತರೂ ಆರರಲ್ಲಿ ಐವರು ಕಟ್ಟಕಡೆಯ ಸಾಲಿನಲ್ಲೇ ಇರುತ್ತಾರೆ, ಅವರ ಕೆಳಗೆ ಯಾರೂ ಇರುವುದಿಲ್ಲ. ‘ನೀವು ಮನಸ್ಸಿಟ್ಟು ಕೆಲಸ ಮಾಡಲಿಲ್ಲ’ ಎಂದು ಗದರುವ ಟ್ರೈನರ್ ಮುಂದೆ ಈ ಗುಣಾಕಾರ ಇಡಿ.

ವಸ್ತು ಮಾರಿ ಲಾಭ ಪಡೆಯುವ ನೇರ ಮಾರಾಟ ತಪ್ಪಲ್ಲ. ಜನ ಸೇರಿಸಿದ್ದಕ್ಕೇ ಲಾಭ ಕೊಡುವ ಪಿರಮಿಡ್ ಯೋಜನೆಯನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆಯಂತೂ ನಡೆಸುವವರ ಜೊತೆಗೆ ಸದಸ್ಯರಾಗುವವರನ್ನೂ ಹಿಡಿಯುತ್ತದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು. ‘ಕಂಪನಿಗೆ ಜಿಎಸ್‌ಟಿ ನಂಬರ್ ಇದೆ’ ಎಂದರೆ ಬೆರಗಾಗಬೇಡಿ. ತೆರಿಗೆ ಕಟ್ಟಲು ಕೊಡುವ ನಂಬರು ಅದು, ಅಷ್ಟೆ.

ಯಾರಾದರೂ ಪ್ಲಾನ್ ತೋರಿಸಲು ಬಂದರೆ ಒಂದೇ ಪ್ರಶ್ನೆ ಕೇಳಿ: ‘ಹೊಸಬರು ಒಬ್ಬರೂ ಸೇರದಿದ್ದರೆ, ಬರೀ ಸಾಮಾನು ಮಾರಿ ನನಗೆ ತಿಂಗಳಿಗೆ ಎಷ್ಟು ಸಿಗುತ್ತೆ?’ ಉತ್ತರವನ್ನು ಬರೆದುಕೊಡಲು ಹೇಳಿ. ಬರೆಯದಿದ್ದರೆ ಕಾಫಿ ಕೊಟ್ಟು ಕಳಿಸಿ.

ಈಗಾಗಲೇ ದುಡ್ಡು ಕಟ್ಟಿದವರು ರಸೀದಿ, ಯುಪಿಐ ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915. ಆನ್‌ಲೈನ್ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನೀವೇ ಯಾರನ್ನಾದರೂ ಸೇರಿಸಿದ್ದರೆ ಅವರಿಗೆ ಇವತ್ತೇ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿ. ಬೈಯಬಹುದು, ಬೈಸಿಕೊಳ್ಳಿ. ದೂರು ಕೊಡಲು ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.